ಕರಾವಳಿಯಲ್ಲಿ ಸೆಕೆಂಡ್ ಹ್ಯಾಂಡ್ ಗೇಮ್ ಕನ್ಸೋಲ್ ಕೊಳ್ಳುವ ಕ್ರಮ: ಯಾವುದು ಮೊದಲು, ಯಾವುದು ಆಮೇಲೆ

ಮಂಗಳೂರು, ಉಡುಪಿ ಕಡೆ ಸೆಕೆಂಡ್ ಹ್ಯಾಂಡ್ ಸೋನಿ ಪ್ಲೇಸ್ಟೇಷನ್ (ಪಿಎಸ್4, ಪಿಎಸ್5), ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್, ನಿಂಟೆಂಡೊ ಸ್ವಿಚ್ ಕೊಂಡವರು ಹೇಳುವ ದೂರು ಹೆಚ್ಚಾಗಿ ನಾಲ್ಕೇ. ಮನೆಗೆ ತಂದ ಮೇಲೆ ಆನ್‌ಲೈನ್ ಹೋಗುವುದಿಲ್ಲ. ಅರ್ಧ ಗಂಟೆ ಆಡಿದರೆ ತಾನಾಗಿ ಆಫ್ ಆಗುತ್ತದೆ. ಜೊತೆಗೆ ಕೊಟ್ಟ ಗೇಮ್‌ಗಳು ಒಂದೊಂದಾಗಿ ಲಾಕ್ ಆಗುತ್ತವೆ. ಮೊದಲ ಮಳೆಗಾಲದಲ್ಲೇ ಟಿವಿಗೆ ಚಿತ್ರ ಬರುವುದು ನಿಲ್ಲುತ್ತದೆ. ಇವುಗಳಲ್ಲಿ ಬಹುಪಾಲನ್ನು ಹಣ ಕೊಡುವ ಮೊದಲೇ ಹಿಡಿಯಬಹುದು. ಯಾರೂ ಪರೀಕ್ಷೆ ಮಾಡದೆ ಕೊಳ್ಳುವುದಿಲ್ಲ, ಆದರೆ ಕ್ರಮ ತಪ್ಪುತ್ತದೆ. ಆನ್ ಆಯಿತು, ಚಿತ್ರ ಬಂತು, ಐದು ನಿಮಿಷ ಆಡಿದ್ದಾಯಿತು, ಹಣ ಕೊಟ್ಟದ್ದಾಯಿತು. ಮುಖ್ಯ ಪರೀಕ್ಷೆಗಳೆಲ್ಲ ಆಮೇಲೆ ಮನೆಯಲ್ಲಿ ನಡೆಯುತ್ತವೆ.

ಕೆಳಗಿನ ಕ್ರಮಕ್ಕೆ ಒಟ್ಟು ಒಂದೂವರೆಯಿಂದ ಎರಡು ಗಂಟೆ ಬೇಕು. ಅಷ್ಟು ಹೊತ್ತು ಕೊಡಲು ಒಪ್ಪದ ಮಾರಾಟಗಾರನ ಸೆಟ್ ಬೇಡ ಎನ್ನುವುದೇ ಸರಿ.

## ಜೊತೆಗೆ ಒಯ್ಯಬೇಕಾದವು

- ಸರಿಯಿದೆ ಎಂದು ಗೊತ್ತಿರುವ ನಿಮ್ಮದೇ ಎಚ್‌ಡಿಎಂಐ ಕೇಬಲ್
- ಎಂಟರ ಆಕಾರದ ಎರಡು ಪಿನ್ ಪವರ್ ಕಾರ್ಡ್ (ಪಿಎಸ್5, ಪಿಎಸ್4 ಸ್ಲಿಮ್, ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಮತ್ತು ಎಕ್ಸ್ ಎಲ್ಲದಕ್ಕೂ ಇದೇ ಆಗುತ್ತದೆ)
- ಸಣ್ಣ ಟಾರ್ಚ್. ಮೊಬೈಲ್ ಟಾರ್ಚ್‌ಗಿಂತ ಕಿರಿದಾದ ಬೆಳಕು ಬೀರುವ ಪೆನ್ ಟಾರ್ಚ್ ಉತ್ತಮ
- ಆ ಕನ್ಸೋಲ್‌ನಲ್ಲಿ ಓಡುವ ಒಂದು ಗೇಮ್ ಡಿಸ್ಕ್, ಒಂದು ಪೆನ್ ಡ್ರೈವ್
- ಹಾಟ್‌ಸ್ಪಾಟ್‌ಗೆ ಸಾಕಷ್ಟು ಡೇಟಾ ಇರುವ ಮೊಬೈಲ್, ನಿಮ್ಮ ಪಿಎಸ್‌ಎನ್ (ಪ್ಲೇಸ್ಟೇಷನ್‌ನ ಆನ್‌ಲೈನ್ ಸೇವೆ), ಎಕ್ಸ್‌ಬಾಕ್ಸ್ ಅಥವಾ ನಿಂಟೆಂಡೊ ಖಾತೆಯ ಪಾಸ್‌ವರ್ಡ್

ಖಾತೆ ಇಲ್ಲದವರು ಹಿಂದಿನ ದಿನವೇ ಮನೆಯಲ್ಲಿ ಕೂತು ಮಾಡಿಕೊಳ್ಳಿ. ಪಿಎಸ್‌ಎನ್ ಖಾತೆಗೆ ಒಮ್ಮೆ ಆರಿಸಿದ ದೇಶವನ್ನು ಮುಂದೆ ಬದಲಿಸಲು ಬರುವುದಿಲ್ಲ. ಹಾಗಾಗಿ ಮಾರಾಟಗಾರನ ಮನೆಯಲ್ಲಿ ಗಡಿಬಿಡಿಯಿಂದ ಮಾಡುವ ಕೆಲಸ ಅದಲ್ಲ.

## ಹಂತ 1: ಯಾವ ಮಾಡೆಲ್ ಎಂದು ಮೊದಲೇ ಗಟ್ಟಿ ಮಾಡಿಕೊಳ್ಳಿ

ಜಿಟಿಎ 6 ಗೇಮ್‌ಗಾಗಿ ಕನ್ಸೋಲ್ ಹುಡುಕುವವರು ಪಿಎಸ್4 ಕಡೆ ತಿರುಗಿಯೂ ನೋಡಬೇಡಿ. ಅದರ ತಯಾರಕ ಕಂಪನಿ ರಾಕ್‌ಸ್ಟಾರ್ ಅದನ್ನು ಪ್ರಕಟಿಸಿರುವುದು ಪಿಎಸ್5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್, ಎಸ್‌ಗೆ ಮಾತ್ರ.

ಸೀರೀಸ್ ಎಸ್‌ಗೆ ಡಿಸ್ಕ್ ಡ್ರೈವ್ ಇಲ್ಲ, ಆಮೇಲೆ ಸೇರಿಸಲೂ ಆಗದು. ಮೊದಲ ತಲೆಮಾರಿನ ದಪ್ಪ ಪಿಎಸ್5 ಡಿಜಿಟಲ್‌ಗೂ ಅಷ್ಟೇ. ಪಿಎಸ್5 ಸ್ಲಿಮ್ ಡಿಜಿಟಲ್‌ಗೆ ಮಾತ್ರ ಡ್ರೈವ್ ಬೇರೆಯಾಗಿ ಕೊಂಡು ಜೋಡಿಸಬಹುದು. ಹಳೆಯ ಡಿಸ್ಕ್ ಅಗ್ಗಕ್ಕೆ ಕೊಂಡು, ಆಡಿ, ಮತ್ತೆ ಮಾರುವ ಲೆಕ್ಕ ನಿಮ್ಮದಾದರೆ ಡಿಜಿಟಲ್ ಸೆಟ್‌ನಲ್ಲಿ ಉಳಿಸಿದ ಐದಾರು ಸಾವಿರ ಒಂದೆರಡು ಗೇಮ್‌ಗಳಲ್ಲೇ ಕರಗಿಹೋಗುತ್ತದೆ.

ದರದ ವಿಷಯ: ಪಿಎಸ್5 ಸ್ಲಿಮ್ 2024ರ ಏಪ್ರಿಲ್‌ನಲ್ಲಿ ಭಾರತಕ್ಕೆ ಬಂದಾಗ ಡಿಸ್ಕ್ ಮಾಡೆಲ್‌ಗೆ 54,990 ರೂಪಾಯಿ, ಡಿಜಿಟಲ್‌ಗೆ 44,990 ರೂಪಾಯಿ ಇತ್ತು. ಮಾರಾಟಗಾರ ತಾನು ಕೊಟ್ಟ ದರ ಹೇಳುತ್ತಾನೆ. ನೀವು ಹೋಲಿಸಬೇಕಾದದ್ದು ಇವತ್ತು ಅಂಗಡಿಯಲ್ಲಿ ಹೊಸದಕ್ಕಿರುವ ದರಕ್ಕೆ, ಅದರಲ್ಲೂ ದಸರಾ, ದೀಪಾವಳಿ ಹತ್ತಿರವಿದ್ದರೆ ಆಫರ್ ದರಕ್ಕೆ. ಬಿಲ್ಲೂ ಇಲ್ಲದ, ವಾರಂಟಿಯೂ ಮುಗಿದ ಸೆಟ್‌ಗೆ ಹೊಸದರ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಕೊಡುವುದು ನಷ್ಟದ ವ್ಯಾಪಾರ.

## ಹಂತ 2: ಹೊರಡುವ ಮೊದಲು ಫೋಟೊ ತರಿಸಿಕೊಳ್ಳಿ

ನಾಲ್ಕು ಫೋಟೊ ಕೇಳಿ: ಹಿಂಬದಿಯ ಮಾಡೆಲ್ ಮತ್ತು ಸೀರಿಯಲ್ ನಂಬರಿನ ಚೀಟಿ, ಎಚ್‌ಡಿಎಂಐ ಮತ್ತು ಯುಎಸ್‌ಬಿ ಪೋರ್ಟ್‌ಗಳ ಹತ್ತಿರದ ಚಿತ್ರ, ಬಿಲ್, ಸೆಟ್ಟಿಂಗ್ಸ್‌ನಲ್ಲಿ ಕನ್ಸೋಲ್ ಇನ್ಫರ್ಮೇಶನ್ ಪುಟ. ಆ ಪುಟದ ಸೀರಿಯಲ್, ಚೀಟಿಯ ಸೀರಿಯಲ್, ಪೆಟ್ಟಿಗೆಯ ಸೀರಿಯಲ್ ಮೂರೂ ಒಂದೇ ಆಗಿರಬೇಕು. ಒಳಗಿನದು ಒಂದು, ಹೊರಗಿನದು ಇನ್ನೊಂದು ಇದ್ದರೆ ಹೊರಕವಚವನ್ನೋ ಬೋರ್ಡನ್ನೋ ಬೇರೆ ಸೆಟ್‌ನಿಂದ ತಂದು ಹಾಕಿದ್ದಾರೆ. ಕದ್ದ ಮೊಬೈಲನ್ನು ಐಎಂಇಐ ನಂಬರಿನಿಂದ ಬ್ಲಾಕ್ ಮಾಡಿಸುವಂಥ ವ್ಯವಸ್ಥೆ ಕನ್ಸೋಲ್‌ಗೆ ಇಲ್ಲ. ಬಿಲ್ಲೂ ಸೀರಿಯಲ್ಲೂ ಹೊಂದುವುದೇ ನಿಮಗಿರುವ ಆಧಾರ.

ಮೂರು ಪ್ರಶ್ನೆ ನೇರವಾಗಿ ಕೇಳಿ: ಎಲ್ಲಿ ಇಟ್ಟಿದ್ದರು, ಯಾರಾದರೂ ಬಿಚ್ಚಿದ್ದಾರೆಯೇ, ಗಲ್ಫ್ ಸೆಟ್ಟೋ ಇಲ್ಲಿಯದೋ. ಮಲ್ಪೆ, ಉಳ್ಳಾಲ, ಸುರತ್ಕಲ್‌ನಂಥ ಕಡಲ ಬದಿಯಲ್ಲಿ ಪಶ್ಚಿಮದ ಕಿಟಕಿಗೆ ತಾಗಿ ಎರಡು ಮಳೆಗಾಲ ಕಳೆದ ಸೆಟ್‌ಗೂ ಘಟ್ಟದ ಮೇಲೆ ಇದ್ದ ಸೆಟ್‌ಗೂ ಒಳಗಿನ ಸ್ಥಿತಿಯಲ್ಲಿ ತುಂಬ ವ್ಯತ್ಯಾಸವಿರುತ್ತದೆ. ಹಾಗಂತ ಕಡಲ ಬದಿಯದು ಬೇಡವೇ ಬೇಡ ಎಂದಲ್ಲ. ಹಂತ 4ರಲ್ಲಿ ಹೆಚ್ಚು ಹೊತ್ತು ನೋಡಬೇಕು, ಅಷ್ಟೇ.

ನೋಡುವ ಮೊದಲೇ ಅಡ್ವಾನ್ಸ್ ಹಾಕಬೇಡಿ. ಬೇರೆ ಊರಿಗೆ ವರ್ಗವಾಗಿದೆ, ಕೊರಿಯರ್ ಮಾಡುತ್ತೇನೆ, ಟೋಕನ್ ಹಾಕಿ ಎನ್ನುವ ಜಾಹೀರಾತುಗಳನ್ನು ಅಲ್ಲೇ ಬಿಡಿ.

## ಹಂತ 3: ಗಲ್ಫ್ ಸೆಟ್ ಆದರೆ

ನಮ್ಮ ಕಡೆ ಮನೆಗೊಬ್ಬರು ದುಬೈ, ದೋಹಾ, ಮಸ್ಕತ್‌ನಲ್ಲಿ ಇರುವುದರಿಂದ ಮಾರಾಟಕ್ಕೆ ಬರುವ ಸೆಟ್‌ಗಳಲ್ಲಿ ಗಲ್ಫ್‌ನವು ಬಹಳ. ಭಾರತಕ್ಕೆಂದು ಬಂದ ಪಿಎಸ್5ರ ಮಾಡೆಲ್ ನಂಬರಿನಲ್ಲಿ ಕೊನೆಯ ಎರಡಂಕಿ 08 ಇರುತ್ತದೆ: ಸಿಎಫ್‌ಐ-1208ಎ, ಸಿಎಫ್‌ಐ-2008ಎ ಹೀಗೆ. ಮಧ್ಯಪ್ರಾಚ್ಯದ ಸೆಟ್‌ನಲ್ಲಿ ಅದೇ ಜಾಗದಲ್ಲಿ 16 ಕಾಣುತ್ತದೆ. ಪಿಎಸ್5 ಪ್ರೋ 2024ರ ನವೆಂಬರ್‌ನಲ್ಲಿ ಹೊರಬಂದಾಗ 6 ಗಿಗಾಹರ್ಟ್ಸ್ ವೈಫೈಗೆ ಅನುಮತಿ ಇರದ ಕಾರಣ ಭಾರತಕ್ಕೆ ಬರಲಿಲ್ಲ. ಆ ಹೊತ್ತಿನಲ್ಲಿ ಊರಿಗೆ ಬಂದ ಪ್ರೋಗಳೆಲ್ಲ ಹೊರದೇಶದವೇ. ಸ್ವಿಚ್ ಅನ್ನು ನಿಂಟೆಂಡೊ ಇಲ್ಲಿ ನೇರವಾಗಿ ಮಾರದೇ ಇದ್ದುದರಿಂದ ಅದೂ ಆಮದಿನದೇ.

ಗಲ್ಫ್ ಸೆಟ್ ಕೊಳ್ಳಲು ಅಡ್ಡಿಯಿಲ್ಲ. ಪಿಎಸ್5 100ರಿಂದ 240 ವೋಲ್ಟ್‌ವರೆಗೆ ನಡೆಯುತ್ತದೆ, ಟ್ರಾನ್ಸ್‌ಫಾರ್ಮರ್ ಬೇಡ. ಆದರೆ ಇವನ್ನು ತಿಳಿದು ಕೊಳ್ಳಿ:

ಇಲ್ಲಿಯ ವಾರಂಟಿ ಸಿಗುವುದಿಲ್ಲ. ಹಾಗಾಗಿ ದರ ಇಲ್ಲಿಯ ಬಿಲ್ ಇರುವ ಸೆಟ್‌ಗಿಂತ ಸಾಕಷ್ಟು ಕಡಿಮೆ ಇರಬೇಕು.

ಚೌಕ ಪಿನ್ನಿನ ಪ್ಲಗ್‌ಗೆ ಕನ್ವರ್ಟರ್ ಸಿಕ್ಕಿಸಿ ವರ್ಷಗಟ್ಟಲೆ ನಡೆಸಿರುತ್ತಾರೆ. ಸಡಿಲ ಕನ್ವರ್ಟರ್ ಒಳಗೆ ಸಣ್ಣ ಕಿಡಿ ಹಾರುತ್ತಾ ಬಿಸಿಯಾಗುತ್ತದೆ. ಪ್ಲಗ್‌ನ ಪಿನ್ ಕಪ್ಪಾಗಿದೆಯೇ, ಪ್ಲಾಸ್ಟಿಕ್ ಕರಗಿದೆಯೇ ನೋಡಿ. ಐಎಸ್‌ಐ ಗುರುತಿನ 2.5 ಆಂಪಿಯರ್ ಎರಡು ಪಿನ್ ಕಾರ್ಡ್ ಹಾಕಿದರೆ ಕೆಲಸ ಮುಗಿಯಿತು.

ಗೇಮ್ ಡಿಸ್ಕ್ ಎಲ್ಲಿಯದಾದರೂ ಪಿಎಸ್5ರಲ್ಲಿ ಓಡುತ್ತದೆ. ಡಿಎಲ್‌ಸಿ (ಗೇಮ್‌ಗೆ ಆನ್‌ಲೈನ್‌ನಲ್ಲಿ ಸಿಗುವ ಹೆಚ್ಚುವರಿ ಭಾಗ) ಮಾತ್ರ ಡಿಸ್ಕ್‌ನ ಪ್ರದೇಶಕ್ಕೂ ಖಾತೆಯ ಪ್ರದೇಶಕ್ಕೂ ಹೊಂದಬೇಕು. ದುಬೈ ಡಿಸ್ಕ್‌ಗೆ ಭಾರತದ ಖಾತೆಯಿಂದ ಡಿಎಲ್‌ಸಿ ಕೊಂಡು ಹಣ ಕಳೆದುಕೊಳ್ಳುವವರು ಇದ್ದಾರೆ. ಬ್ಲೂ-ರೇ ಸಿನಿಮಾ ನೋಡುವವರಿಗೆ ಇನ್ನೊಂದು ತೊಡಕು: ಗಲ್ಫ್ ಬಿ ಪ್ರದೇಶ, ಭಾರತ ಸಿ.

## ಹಂತ 4: ತಣ್ಣಗಿರುವಾಗ ಮೈ ನೋಡಿ

ಮಾರಾಟಗಾರನ ಮನೆಯಲ್ಲೇ, ಹಗಲು ಹೊತ್ತಿನಲ್ಲಿ ನೋಡಿ. ಸರ್ವಿಸ್ ಬಸ್ ಸ್ಟ್ಯಾಂಡ್ ಬಳಿಯೋ ಮಾಲ್‌ನ ಪಾರ್ಕಿಂಗ್‌ನಲ್ಲೋ ಭೇಟಿಯಾದರೆ ಏನನ್ನೂ ಪರೀಕ್ಷಿಸಲಾಗದು. ಸೆಮಿಸ್ಟರ್ ಮುಗಿದಾಗ ಮಣಿಪಾಲದ ಹಾಸ್ಟೆಲ್ ಹುಡುಗರು ಮಾರುವ ಸೆಟ್‌ಗೆ ಟಿವಿ ಇರುವುದಿಲ್ಲ. ಎಚ್‌ಡಿಎಂಐ ಇರುವ ಸಣ್ಣ ಮಾನಿಟರ್ ಒಯ್ಯಿರಿ.

ಬಂದ ಕೂಡಲೇ ಕನ್ಸೋಲ್ ಮೇಲೆ ಕೈಯಿಟ್ಟು ನೋಡಿ. ಬಿಸಿ ಇದ್ದರೆ ಪ್ಲಗ್ ತೆಗೆಸಿ ಇಪ್ಪತ್ತು ನಿಮಿಷ ಕಾಯಿರಿ. ಬೋರ್ಡಿನಲ್ಲಿ ಬೆಸುಗೆ ಬಿಟ್ಟ ಕೆಲವು ಸೆಟ್‌ಗಳು ತಣ್ಣಗಿದ್ದಾಗ ಆನ್ ಆಗಲು ಮೂರು ನಾಲ್ಕು ಸಲ ಒತ್ತಿಸಿಕೊಳ್ಳುತ್ತವೆ, ಬಿಸಿಯಾದ ಮೇಲೆ ಚೆನ್ನಾಗಿ ನಡೆಯುತ್ತವೆ. ನೀವು ಬರುವ ಮೊದಲೇ ಆನ್ ಮಾಡಿಟ್ಟಿದ್ದರೆ ಆ ದೋಷ ಕಾಣುವುದಿಲ್ಲ.

ಈಗ ಟಾರ್ಚ್ ಹಿಡಿದು ಎಚ್‌ಡಿಎಂಐ ಪೋರ್ಟ್ ಒಳಗೆ ನೋಡಿ. ಅಂಚಿನ ಲೋಹದಲ್ಲಿ ಕಂದು ಚುಕ್ಕೆಗಳಿದ್ದರೆ ತುಕ್ಕು ಹಿಡಿಯಲು ಶುರುವಾಗಿದೆ; ಅದೊಂದೇ ಆದರೆ ದರ ಇಳಿಸಲು ಕಾರಣ, ಬಿಟ್ಟುಬರಲು ಅಲ್ಲ. ಒಳಗಿನ ಸಣ್ಣ ಪಿನ್‌ಗಳಲ್ಲಿ ಹಸಿರು ಅಥವಾ ಬಿಳಿ ಪುಡಿ ಕಂಡರೆ ಉಪ್ಪಿನ ತೇವ ತಾಮ್ರಕ್ಕೆ ತಲುಪಿದೆ. ಪೋರ್ಟ್‌ನಲ್ಲಿ ಇಷ್ಟಾಗಿದ್ದರೆ ಕಾಣದ ಬೋರ್ಡಿನಲ್ಲಿ ಇನ್ನೂ ಹೆಚ್ಚಿರಬಹುದು. ಬಿಟ್ಟುಬನ್ನಿ. ಯುಎಸ್‌ಬಿ, ಲ್ಯಾನ್ ಪೋರ್ಟ್, ತಳದ ಸ್ಕ್ರೂಗಳನ್ನೂ ಹೀಗೇ ನೋಡಿ. ಪೋರ್ಟ್‌ಗಳೆಲ್ಲ ತುಕ್ಕು ಹಿಡಿದು ಸ್ಕ್ರೂ ಮಾತ್ರ ಹೊಳೆಯುತ್ತಿದ್ದರೆ ಯಾರೋ ಬಿಚ್ಚಿ ಹೊಸದು ಹಾಕಿದ್ದಾರೆ.

ಪಿಎಸ್5ರ ಬಿಳಿ ಫಲಕಗಳನ್ನು ಯಾವ ಸಾಧನವೂ ಇಲ್ಲದೆ ಕೈಯಲ್ಲೇ ತೆಗೆಯಬಹುದು. ಅಭ್ಯಾಸವಿಲ್ಲದಿದ್ದರೆ ಮಾರಾಟಗಾರನಿಂದಲೇ ತೆಗೆಸಿ. ಫ್ಯಾನ್‌ನ ರೆಕ್ಕೆ, ಧೂಳು ಹಿಡಿಯುವ ತೂತುಗಳು ಕಾಣುತ್ತವೆ. ಬೂದು ಬಣ್ಣದ ಒಣ ಧೂಳು ಸಹಜ. ಫ್ಯಾನ್‌ಗೆ ಅಂಟಿದ ಜಿಗುಟು ಪದರ, ಬೂಷ್ಟು, ಕಾಳುಮೆಣಸಿನ ಪುಡಿಯಂಥ ಕಪ್ಪು ಹಿಕ್ಕೆ ಕಂಡರೆ ಎಚ್ಚರ. ಹಿಕ್ಕೆ ಜಿರಳೆಯದು. ಬೆಚ್ಚಗಿರುವ ಪವರ್ ಸಪ್ಲೈ ಸುತ್ತ ಅವು ಮೊಟ್ಟೆಯಿಡುತ್ತವೆ, ಒಂದು ದಿನ ಶಾರ್ಟ್ ಮಾಡುತ್ತವೆ. ಹಳೆಯ ಪಿಎಸ್4ಗಳಲ್ಲಿ ಇದು ಬಹಳ ಸಾಮಾನ್ಯ. ಗಾಳಿ ಹೊರಬರುವ ಸಂದಿಗೆ ಮೂಗು ಒಯ್ದರೆ ಕಮಟು ವಾಸನೆಯೇ ಹೇಳುತ್ತದೆ.

ಸ್ವಿಚ್ ಆದರೆ ಹಿಂಬದಿಯ ಮುಚ್ಚಳ ಉಬ್ಬಿದೆಯೇ, ಪರದೆಯ ಅಂಚು ಬಿಟ್ಟುಕೊಂಡಿದೆಯೇ ನೋಡಿ. ಉಬ್ಬಿದ್ದರೆ ಬ್ಯಾಟರಿ ಕೆಟ್ಟಿದೆ, ಚಾರ್ಜ್‌ಗೂ ಹಾಕಬೇಡಿ.

## ಹಂತ 5: ಆನ್ ಮಾಡಿ, ಚಿತ್ರ ಮತ್ತು ಕಂಟ್ರೋಲರ್

ಟಿವಿ, ಕನ್ಸೋಲ್ ಎರಡೂ ಆಫ್ ಇರುವಾಗಲೇ ನಿಮ್ಮ ಎಚ್‌ಡಿಎಂಐ ಕೇಬಲ್ ಸಿಕ್ಕಿಸಿ. ಪಿಎಸ್5 ಒಂದು ಬೀಪ್ ಕೊಟ್ಟು, ನೀಲಿ ಬೆಳಕು ಮಿಡಿದು, ಬಿಳಿಗೆ ತಿರುಗಬೇಕು. ಬಿಳಿ ಬೆಳಕು ಉರಿಯುತ್ತಲೇ ಇದೆ, ಚಿತ್ರ ಇಲ್ಲ ಎಂದರೆ ಎಚ್‌ಡಿಎಂಐ ಭಾಗದ ದೋಷವನ್ನು ಶಂಕಿಸಿ. "ಟಿವಿ ಪ್ರಾಬ್ಲಂ" ಎಂದು ಹೇಳಿದರೆ ಬೇರೆ ಟಿವಿಗೆ ಹಾಕಿಸಿ. ಚಿತ್ರ ಬಂದ ಮೇಲೆ ಕೇಬಲ್‌ನ ಬುಡವನ್ನು ಬೆರಳಿನಿಂದ ಮೆಲ್ಲಗೆ ಅಲುಗಾಡಿಸಿ. ಚಿತ್ರ ಮಿಟುಕಿದರೆ ಪೋರ್ಟ್‌ನ ಬೆಸುಗೆ ಸಡಿಲವಾಗಿದೆ.

ಡಿಸ್ಕ್ ಹಾಕಿ, ಹೊರತೆಗೆದು, ಮತ್ತೆ ಹಾಕಿ. ತಾನಾಗಿ ಹೊರಗೆ ತಳ್ಳಿದರೆ ರೋಲರ್‌ನ ದೋಷ. ಪ್ರತಿ ಯುಎಸ್‌ಬಿ ಪೋರ್ಟ್‌ಗೂ ಪೆನ್ ಡ್ರೈವ್ ಸಿಕ್ಕಿಸಿ ನೋಡಿ.

ಕಂಟ್ರೋಲರ್ ಪರೀಕ್ಷೆಗೆ ಗೇಮ್ ಒಳಗೆ ಹೋಗಿ ಕಂಟ್ರೋಲರನ್ನು ಮೇಜಿನ ಮೇಲಿಟ್ಟು ಒಂದು ನಿಮಿಷ ಮುಟ್ಟಬೇಡಿ. ಆಟದೊಳಗಿನ ಕ್ಯಾಮರಾ ನೋಟ ತಾನಾಗಿ ತಿರುಗಿದರೆ ಸ್ಟಿಕ್ ಡ್ರಿಫ್ಟ್ ಇದೆ. ನಂತರ ಸ್ಟಿಕ್ಕನ್ನು ನಾಲ್ಕೂ ದಿಕ್ಕಿಗೆ ಮೆಲ್ಲಗೆ ತಳ್ಳಿ ಬಿಡಿ, ಪ್ರತಿ ಸಲವೂ ನಡುವಿಗೆ ಬಂದು ನಿಲ್ಲಬೇಕು. ಸ್ವಿಚ್‌ನಲ್ಲಿ ಕಂಟ್ರೋಲರ್ಸ್ ಆಂಡ್ ಸೆನ್ಸರ್ಸ್ ಒಳಗೆ ಸ್ಟಿಕ್ ಕ್ಯಾಲಿಬ್ರೇಷನ್ ತೆರೆದರೆ ಕಣ್ಣಿಗೇ ಕಾಣುತ್ತದೆ. ಸ್ವಿಚ್‌ನ ಎರಡು ಬದಿಯ ಕಂಟ್ರೋಲರ್‌ಗಳಾದ ಜಾಯ್‌ಕಾನ್‌ಗಳನ್ನು ಸಿಕ್ಕಿಸಿಯೂ ಬಿಡಿಸಿಯೂ ನೋಡಿ. ಪಿಎಸ್5ರಲ್ಲಿ ಜೊತೆಗೇ ಬರುವ ಆಸ್ಟ್ರೋಸ್ ಪ್ಲೇರೂಮ್ ಆಡಿದರೆ ಟ್ರಿಗರ್‌ನ ಬಿಗಿ, ಕಂಪನ, ಮೈಕ್, ಟಚ್ ಎಲ್ಲ ಒಂದೇ ಆಟದಲ್ಲಿ ಪರೀಕ್ಷೆಯಾಗುತ್ತದೆ. ಡ್ರಿಫ್ಟ್ ಇದ್ದರೆ ಹೊಸ ಕಂಟ್ರೋಲರ್‌ನ ದರ ಕಳೆದು ಮಾತಾಡಿ. ಬೆಸುಗೆ ಹಾಕಿ ಸ್ಟಿಕ್ ಬದಲಿಸುವ ಕೆಲಸ ಎಲ್ಲ ಅಂಗಡಿಯಲ್ಲೂ ಚೆನ್ನಾಗಿ ಆಗುವುದಿಲ್ಲ.

## ಹಂತ 6: ನಲವತ್ತು ನಿಮಿಷದ ಬಿಸಿ ಪರೀಕ್ಷೆ

ಇದನ್ನು ಹಂತ 8ರ ರಿಸೆಟ್‌ಗಿಂತ ಮೊದಲೇ ಮಾಡಬೇಕು. ರಿಸೆಟ್ ಆದರೆ ಗೇಮ್‌ಗಳು ಅಳಿಸಿಹೋಗಿ ಭಾರದ ಆಟ ಆಡಿ ನೋಡಲು ಏನೂ ಉಳಿಯುವುದಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ.

ಮಾರಾಟಗಾರನ ಬಳಿ ಇರುವುದರಲ್ಲಿ ಗ್ರಾಫಿಕ್ಸ್ ಭಾರ ಹೆಚ್ಚಿರುವ ಗೇಮ್ ಹಾಕಿ. ಎಸಿ ಆರಿಸಿ, ಬರೇ ಫ್ಯಾನ್‌ನಲ್ಲಿ ಆಡಿ. ಪಿಎಸ್5ಕ್ಕೆ ಸೋನಿ ಹೇಳಿರುವ ಕೋಣೆಯ ಉಷ್ಣತೆ 5ರಿಂದ 35 ಡಿಗ್ರಿ. ಏಪ್ರಿಲ್-ಮೇಯಲ್ಲಿ ತಗಡು ಮಾಡಿನ, ಟೆರೇಸಿನ ಕೋಣೆಗಳು ಆ ಮಿತಿಯ ಅಂಚಿನಲ್ಲೇ ಇರುತ್ತವೆ. ಎಸಿಯಲ್ಲಿ ಮಾತ್ರ ನಡೆಯುವ ಸೆಟ್ ನಮ್ಮ ಕಡೆ ಪ್ರಯೋಜನಕ್ಕಿಲ್ಲ.

ಹಿಂದಿನಿಂದ ಬಿಸಿ ಗಾಳಿ ಜೋರಾಗಿ ಬರಬೇಕು; ಮೈ ಬಿಸಿಯಾಗಿ ಗಾಳಿ ಮಾತ್ರ ತಣ್ಣಗೆ ಬರುತ್ತಿದ್ದರೆ ಚಿಪ್‌ನ ಬಿಸಿ ಹೀಟ್‌ಸಿಂಕ್‌ಗೆ (ಬಿಸಿ ಹೀರಿ ಹೊರಬಿಡುವ ಲೋಹದ ಭಾಗ) ತಲುಪುತ್ತಿಲ್ಲ. ಒಂದೇ ಸಮನೆ ಸುಯ್ಯೆನ್ನುವ ಸದ್ದು ಸರಿ, ಕಟಕಟ ಸದ್ದು ಬೇರಿಂಗ್‌ನದು. ಅತಿ ಬಿಸಿಯ ಸಂದೇಶ ಬಂದು ನಿಂತರೆ ಧೂಳು ತೆಗೆದು ಸರಿಹೋಗುವ ಸಾಧ್ಯತೆ ಇದೆ. ಯಾವ ಸಂದೇಶವೂ ಇಲ್ಲದೆ ಫಟ್ಟನೆ ಆಫ್ ಆದರೆ ಪವರ್ ಸಪ್ಲೈ ಅಥವಾ ಪಿಎಸ್5ರ ಲಿಕ್ವಿಡ್ ಮೆಟಲ್‌ನ ತೊಂದರೆ ಇರಬಹುದು. ಚಿಪ್‌ನ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವ ಈ ಲಿಕ್ವಿಡ್ ಮೆಟಲ್ ವಿದ್ಯುತ್ ಹರಿಯಬಿಡುವ ವಸ್ತು. ಅನುಭವವಿಲ್ಲದ ಕೈಯಲ್ಲಿ ಬಿಚ್ಚಿದ ಸೆಟ್‌ನಲ್ಲಿ ಅದು ಪಕ್ಕಕ್ಕೆ ಹರಿದರೆ ಬೋರ್ಡೇ ಹೋಗುತ್ತದೆ. ಪರದೆಯಲ್ಲಿ ಬಣ್ಣದ ಚುಕ್ಕೆ, ಗೆರೆ, ಚೌಕಳಿ ಕಂಡರೆ ದರದ ಮಾತೇ ಬೇಡ, ಎದ್ದುಬನ್ನಿ.

## ಹಂತ 7: ಬ್ಯಾನ್, ಜೈಲ್‌ಬ್ರೇಕ್, ಬಾಡಿಗೆ ಖಾತೆ

ಹಾಟ್‌ಸ್ಪಾಟ್‌ಗೆ ಜೋಡಿಸಿ. ಪಿಎಸ್4ರ ಸಿಸ್ಟಮ್ ಸಾಫ್ಟ್‌ವೇರ್ 9.00 ಅಥವಾ 11.00ರಲ್ಲೇ ನಿಂತಿದ್ದು "ಅಪ್‌ಡೇಟ್ ಮಾಡಬೇಡಿ, ಐವತ್ತು ಗೇಮ್ ಫ್ರೀ" ಎಂದರೆ ಅದು ಜೈಲ್‌ಬ್ರೇಕ್ ಸೆಟ್, ಅಂದರೆ ಕಂಪನಿಯ ಬೀಗ ಮುರಿದು ನಕಲಿ ಗೇಮ್ ಓಡಿಸುವಂತೆ ಮಾಡಿದ್ದು. ಆನ್‌ಲೈನ್ ಆಟ ಇಲ್ಲ, ಅಪ್‌ಡೇಟ್ ಮಾಡಿದರೆ ಆ ಗೇಮ್‌ಗಳೂ ಇಲ್ಲ. ಸ್ವಿಚ್‌ನಲ್ಲಿ ನಿಂಟೆಂಡೊದ ಆನ್‌ಲೈನ್ ಅಂಗಡಿ ಇ-ಶಾಪ್ ತೆರೆಯಿರಿ: 2124-4007 ಎಂಬ ಎರರ್ ಬಂದರೆ ಆ ಕನ್ಸೋಲನ್ನೇ ನಿಂಟೆಂಡೊ ತಡೆದಿದೆ. ಖಾತೆ ಬದಲಿಸಿದರೂ ರಿಸೆಟ್ ಮಾಡಿದರೂ ಅದು ಹೋಗುವುದಿಲ್ಲ.

"ಇಪ್ಪತ್ತು ಗೇಮ್ ಇರುವ ಐಡಿ ಸಮೇತ" ಎಂಬ ಜಾಹೀರಾತಿಗೆ ಒಂದು ಪೈಸೆಯನ್ನೂ ಹೆಚ್ಚು ಕೊಡಬೇಡಿ. ಒಂದೇ ಖಾತೆಯನ್ನು ಪ್ರೈಮರಿ, ಸೆಕೆಂಡರಿ ಎಂದು ಹಲವರಿಗೆ ಮಾರಿರುತ್ತಾರೆ. ಮೂಲ ಮಾಲೀಕ ಪಾಸ್‌ವರ್ಡ್ ಬದಲಿಸಿ ನಿಮ್ಮ ಸೆಟ್ಟನ್ನು ಖಾತೆಯಿಂದ ತೆಗೆದ ದಿನ ಗೇಮ್‌ಗಳ ಮೇಲೆ ಬೀಗದ ಗುರುತು ಬೀಳುತ್ತದೆ. ಖಾತೆ ಮಾರುವುದು ಸೋನಿಯ ನಿಯಮಕ್ಕೇ ವಿರುದ್ಧ, ಹಾಗಾಗಿ ದೂರು ಕೊಡಲೂ ದಾರಿಯಿಲ್ಲ.

## ಹಂತ 8: ರಿಸೆಟ್, ನಿಮ್ಮ ಖಾತೆ, ಆಮೇಲೆ ಹಣ

ಮಾರಾಟಗಾರ ತನ್ನ ಸೇವ್‌ಗಳನ್ನು ತೆಗೆದುಕೊಂಡ ಮೇಲೆ ಅವನ ಕೈಯಿಂದಲೇ ರಿಸೆಟ್ ಮಾಡಿಸಿ:

1. ಪಿಎಸ್5: ಸೆಟ್ಟಿಂಗ್ಸ್, ಸಿಸ್ಟಮ್, ಸಿಸ್ಟಮ್ ಸಾಫ್ಟ್‌ವೇರ್, ರಿಸೆಟ್ ಆಪ್ಷನ್ಸ್, ರಿಸೆಟ್ ಯುವರ್ ಕನ್ಸೋಲ್.
2. ಎಕ್ಸ್‌ಬಾಕ್ಸ್: ಸೆಟ್ಟಿಂಗ್ಸ್, ಸಿಸ್ಟಮ್, ಕನ್ಸೋಲ್ ಇನ್ಫೋ, ರಿಸೆಟ್ ಕನ್ಸೋಲ್, ರಿಸೆಟ್ ಆಂಡ್ ರಿಮೂವ್ ಎವ್ರಿಥಿಂಗ್.
3. ಸ್ವಿಚ್: ಸಿಸ್ಟಮ್ ಸೆಟ್ಟಿಂಗ್ಸ್, ಸಿಸ್ಟಮ್, ಫಾರ್ಮ್ಯಾಟಿಂಗ್ ಆಪ್ಷನ್ಸ್, ಇನಿಶಿಯಲೈಸ್ ಕನ್ಸೋಲ್.

ಈಗ ನಿಮ್ಮ ಖಾತೆಯಿಂದ ಸೈನ್ ಇನ್ ಆಗಿ ಯಾವುದಾದರೂ ಉಚಿತ ಗೇಮ್‌ನ ಡೌನ್‌ಲೋಡ್ ಶುರುಮಾಡಿ. ಐದಾರು ಶೇಕಡಾ ಇಳಿದರೆ ಸಾಕು, ರದ್ದು ಮಾಡಬಹುದು. ಕನ್ಸೋಲ್ ಬ್ಯಾನ್ ಆಗಿದ್ದರೆ ಇಲ್ಲಿ ತಿಳಿದೇ ತಿಳಿಯುತ್ತದೆ. ಸ್ಲಿಮ್‌ನ ಡಿಸ್ಕ್ ಡ್ರೈವ್ ಮೊದಲ ಸಲ ಜೋಡಿಸುವಾಗ ಇಂಟರ್ನೆಟ್ ಕೇಳುತ್ತದೆ. ರಿಸೆಟ್ ಆದ ಮೇಲೂ ಒಮ್ಮೆ ಡಿಸ್ಕ್ ಹಾಕಿ ನೋಡಿಕೊಳ್ಳಿ. ಕೊನೆಗೆ ಪೂರ್ತಿ ಆಫ್ ಮಾಡಿ, ಪ್ಲಗ್ ತೆಗೆದು, ಮತ್ತೆ ಆನ್ ಮಾಡಿ.

ಇಷ್ಟಾದ ಮೇಲೆ ಹಣ. ಯುಪಿಐಯಲ್ಲೇ ಕೊಡಿ, ತೆರೆಯ ಮೇಲೆ ಬರುವ ಹೆಸರು ಮಾರಾಟಗಾರನದೇ ಎಂದು ನೋಡಿ. ಒಂದು ಹಾಳೆಯಲ್ಲಿ ಮಾಡೆಲ್, ಸೀರಿಯಲ್, ಮೊತ್ತ, ದಿನಾಂಕ ಬರೆಸಿ ಸಹಿ ಹಾಕಿಸಿ. ಮೂಲ ಬಿಲ್ಲನ್ನೂ ಪಡೆಯಿರಿ. ಇಲ್ಲಿ ಕೊಂಡ ಸೆಟ್‌ನ ಒಂದು ವರ್ಷದ ವಾರಂಟಿ ಉಳಿದಿದ್ದರೆ ಬಿಲ್ ಇಲ್ಲದೆ ಸಿಗದು.

## ಹಂತ 9: ಮನೆಯಲ್ಲಿ, ಮುಖ್ಯವಾಗಿ ಮಳೆಗಾಲದಲ್ಲಿ

ತರುವಾಗ ಡಿಸ್ಕ್ ಹೊರತೆಗೆದು, ರೆಸ್ಟ್ ಮೋಡ್ ಬಿಟ್ಟು ಪೂರ್ತಿ ಆಫ್ ಮಾಡಿ. ಎಸಿ ಕೋಣೆಯಿಂದಲೋ ಎಸಿ ಬಸ್ಸಿನಿಂದಲೋ ಇಳಿಸಿದ ತಣ್ಣನೆಯ ಕನ್ಸೋಲ್‌ಗೆ ನಮ್ಮ ತೇವದ ಗಾಳಿ ತಾಗಿದರೆ ಒಳಗೆ ನೀರಿನ ಪಸೆ ಕೂರುತ್ತದೆ. ಎರಡು ಮೂರು ಗಂಟೆ ಬಿಟ್ಟು ಆನ್ ಮಾಡಿ.

ಗೋಡೆಯಿಂದ ಕನಿಷ್ಠ 10 ಸೆಂಟಿಮೀಟರ್ ದೂರವಿರಲಿ. ಮುರಕಲ್ಲಿನ (ಕೆಂಪು ಕಲ್ಲಿನ) ಗೋಡೆ ಆಟಿಯಲ್ಲಿ (ಜುಲೈ-ಆಗಸ್ಟ್) ಪಸೆ ಹಿಡಿಯುವ ಮನೆಯಾದರೆ ಇನ್ನಷ್ಟು ದೂರ. ಮುಚ್ಚಿದ ಶೋಕೇಸ್ ಬೇಡ. ಪತ್ತನಾಜೆ (ಮೇ ಕೊನೆಯ ಹೊತ್ತು) ಕಳೆದು ಮಳೆ ಹಿಡಿದ ಮೇಲೆ ತಿಂಗಳುಗಟ್ಟಲೆ ಮುಟ್ಟದೆ ಇಡುವುದು ಕನ್ಸೋಲ್‌ಗೆ ಆಟಕ್ಕಿಂತ ಕೆಡುಕು. ವಾರಕ್ಕೆ ಎರಡು ಸಲ ಅರ್ಧ ಗಂಟೆ ನಡೆಸಿದರೆ ಒಳಗಿನ ಬಿಸಿಯೇ ತೇವ ಓಡಿಸುತ್ತದೆ. ತಣ್ಣಗಾದ ಮೇಲೆ ಹತ್ತಿ ಬಟ್ಟೆ ಮುಚ್ಚಿ. ಪ್ಲಾಸ್ಟಿಕ್ ಕವರ್ ತೇವವನ್ನು ಒಳಗೇ ಕೂಡಿಹಾಕುತ್ತದೆ. ಕಂಟ್ರೋಲರ್, ಡಿಸ್ಕ್‌ಗಳನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಳದ ಡಬ್ಬಿಯಲ್ಲಿಡಿ. ಡಿಸ್ಕ್ ಮೇಲೆ ಬೂಷ್ಟು ಬಂದರೆ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಒರೆಸಿ, ಸುತ್ತಲೂ ಉಜ್ಜಬೇಡಿ.

ಸಿಡಿಲಿನ ವಿಷಯದಲ್ಲಿ ಒಂದು ತಪ್ಪು ಎಲ್ಲ ಕಡೆ ನಡೆಯುತ್ತದೆ: ಕನ್ಸೋಲ್‌ನ ಪ್ಲಗ್ ಕೀಳುತ್ತಾರೆ, ಎಚ್‌ಡಿಎಂಐಯನ್ನು ಹಾಗೇ ಇರಗೊಡುತ್ತಾರೆ. ಮಾಡಿನ ಮೇಲಿನ ಡಿಶ್‌ನಿಂದ ಸೆಟ್‌ಟಾಪ್ ಬಾಕ್ಸ್‌ಗೆ, ಅಲ್ಲಿಂದ ಟಿವಿಗೆ, ಟಿವಿಯಿಂದ ಎಚ್‌ಡಿಎಂಐ ಹಿಡಿದು ಕನ್ಸೋಲ್‌ಗೆ ಆಘಾತ ಬರುತ್ತದೆ. ಮುಂಗಾರಿನ ಮುಂಚಿನ ಏಪ್ರಿಲ್-ಮೇ ಮತ್ತು ಅಕ್ಟೋಬರ್ ಸಂಜೆಗಳಲ್ಲಿ ಗುಡುಗು ದೂರದಲ್ಲಿರುವಾಗಲೇ ಪವರ್, ಎಚ್‌ಡಿಎಂಐ, ಲ್ಯಾನ್ ಮೂರನ್ನೂ ಬಿಡಿಸಿ. ಹತ್ತಿರ ಬಂದ ಮೇಲೆ ವಯರ್ ಮುಟ್ಟಲು ಹೋಗಬೇಡಿ. ಸ್ಪೈಕ್ ಗಾರ್ಡ್ ಸಿಡಿಲನ್ನು ತಡೆಯುವುದಿಲ್ಲ.

ಕರೆಂಟು ಹೋಗಿ ಬರುವ ಮನೆಗೆ ಯುಪಿಎಸ್ ಇರಲಿ. ಆಡುವಾಗ ಪಿಎಸ್5 ಸುಮಾರು 200 ವಾಟ್ ಎಳೆಯುತ್ತದೆ, 55 ಇಂಚಿನ ಟಿವಿಗೆ ಇನ್ನು 100ರಿಂದ 150. ಎರಡನ್ನೂ ಹಾಕುವುದಾದರೆ 360 ವಾಟ್‌ನ 600 ವಿಎ ಯುಪಿಎಸ್ ಅಂಚಿಗೆ ಬರುತ್ತದೆ. 600 ವಾಟ್ ಕೊಡುವ 1000 ವಿಎ ಸಾಕಾಗುತ್ತದೆ. ಸೇವ್ ಮಾಡಿ ಆಫ್ ಮಾಡುವಷ್ಟು ಹೊತ್ತಿಗೆ ಅದು, ಆಟ ಮುಂದುವರಿಸಲು ಅಲ್ಲ. ಮನೆಯ ಇನ್ವರ್ಟರ್‌ನಲ್ಲಿ ಆಡುವವರು ಅದು ಸೈನ್ ವೇವ್ ಎಂದು ಖಚಿತ ಮಾಡಿಕೊಳ್ಳಿ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್‌ನಲ್ಲಿ ಪವರ್ ಸಪ್ಲೈ ಗುಂಯ್‌ಗುಡುತ್ತಾ ಹೆಚ್ಚು ಬಿಸಿಯಾಗುತ್ತದೆ. ಆ ಸದ್ದು ಕೇಳಿದರೆ ಕೂಡಲೇ ಆಫ್ ಮಾಡಿ, ಕರೆಂಟು ಬರುವವರೆಗೆ ಕಾಯಿರಿ.